ತೆತ್ ಹಬ್ಬಕ್ಕೆ ವಿಯೆಟ್ನಾಂಗೆ ಹೊರಟಿದ್ದೀರಾ? ಟಿಕೆಟ್ ತೆಗೆಯುವ ಮುಂಚೆ ಇದನ್ನು ಓದಿ

ವಿಯೆಟ್ನಾಂನ ಅತಿ ದೊಡ್ಡ ಹಬ್ಬ ತೆತ್, ಅಂದರೆ ಅವರ ಚಾಂದ್ರಮಾನ ಹೊಸ ವರ್ಷ. ಹಬ್ಬ ನೋಡೋಣ ಅಂತ ಸರಿಯಾಗಿ ಅದೇ ದಿನ ಹನೋಯಿಗೆ ಹೋಗಿ ಇಳಿದವರಿಗೆ ಕಾಣುವುದು ಮುಚ್ಚಿದ ಬಾಗಿಲುಗಳು. ಮಾರುಕಟ್ಟೆ ಖಾಲಿ, ಚಿಕ್ಕ ಹೋಟೆಲುಗಳಿಗೆ ಬೀಗ. ಯಾವಾಗಲೂ ಸ್ಕೂಟರ್‌ಗಳಿಂದ ಗಿಜಿಗುಡುವ ರಸ್ತೆಯಲ್ಲಿ ಆರಾಮಾಗಿ ನಡೆದಾಡಬಹುದು. ಹಬ್ಬ ನಡೀತಿರುತ್ತದೆ, ಆದರೆ ಆ ಬಾಗಿಲುಗಳ ಹಿಂದೆ. ತೆತ್ ಪೂರ್ತಿಯಾಗಿ ಮನೆಯ ಹಬ್ಬ. ಇದನ್ನು ಮನಸ್ಸಿನಲ್ಲಿಟ್ಟುಕೊಂಡೇ ಪ್ರವಾಸ ಹೊಂದಿಸಿಕೊಳ್ಳಬೇಕು.

ಮೊದಲು ಪಂಚಾಂಗ ತೆಗೆಯಿರಿ

ಕನ್ನಡದವರಿಗೆ ಇಲ್ಲೊಂದು ಅನುಕೂಲ ಇದೆ. ವಿಯೆಟ್ನಾಂನ ಹಬ್ಬಗಳೆಲ್ಲ ಬಹುಪಾಲು ಚಂದ್ರನ ಲೆಕ್ಕದಲ್ಲೇ ನಡೆಯುತ್ತವೆ, ಹಾಗಾಗಿ ಮನೆಯ ಗೋಡೆಯಲ್ಲಿರುವ ಕ್ಯಾಲೆಂಡರ್ ನೋಡಿದರೂ ದಿನ ಅಂದಾಜು ಸಿಗುತ್ತದೆ. ಅವರ ತಿಂಗಳ ಮೊದಲ ದಿನ ಅಮಾವಾಸ್ಯೆಯಂದೇ ಶುರು. ಹದಿನೈದನೇ ದಿನ ಹುಣ್ಣಿಮೆಯ ಆಸುಪಾಸಿಗೆ ಬರುತ್ತದೆ. ತೆತ್ ಬರುವುದು ನಮ್ಮ ಪುಷ್ಯ ಅಥವಾ ಮಾಘದ ಅಮಾವಾಸ್ಯೆಯ ಹೊತ್ತಿಗೆ. 2026ರಲ್ಲಿ ಫೆಬ್ರವರಿ 17ಕ್ಕೆ ಬಂತು, ಶಿವರಾತ್ರಿ ಕಳೆದು ಎರಡನೇ ದಿನ. 2027ರಲ್ಲಿ ಫೆಬ್ರವರಿ 6, 2028ರಲ್ಲಿ ಜನವರಿ 26.

ಚೀನಾದ ಹೊಸ ವರ್ಷದ ದಿನಾಂಕ ನೋಡಿ ಟಿಕೆಟ್ ತೆಗೆಯಬೇಡಿ. ಸಾಮಾನ್ಯವಾಗಿ ಎರಡೂ ಒಂದೇ ದಿನ ಬರುತ್ತವೆ, ನಿಜ. ಆದರೆ ವಿಯೆಟ್ನಾಂನ ಗಡಿಯಾರ ಚೀನಾಕ್ಕಿಂತ ಒಂದು ಗಂಟೆ ಹಿಂದೆ. ಅಮಾವಾಸ್ಯೆಯ ಗಳಿಗೆ ಮಧ್ಯರಾತ್ರಿಯ ಹತ್ತಿರ ಬಿದ್ದರೆ ಒಂದು ದಿನ ವ್ಯತ್ಯಾಸವಾಗಿಬಿಡುತ್ತದೆ. 2007ರಲ್ಲಿ ಹಾಗಾಗಿತ್ತು, 2030ರಲ್ಲೂ ಆಗುತ್ತದೆ: ವಿಯೆಟ್ನಾಂನಲ್ಲಿ ಫೆಬ್ರವರಿ 2, ಚೀನಾದಲ್ಲಿ 3. ಅಂದಹಾಗೆ, ತೆತ್ ದಿನ ಅವರಿಗೆ 'ಚೀನೀ ಹೊಸ ವರ್ಷದ ಶುಭಾಶಯ' ಅಂತ ಹೇಳಿದರೆ ಇಷ್ಟವಾಗುವುದಿಲ್ಲ. ಅವರ ಹಬ್ಬ ಅವರದು. ವರ್ಷಕ್ಕೊಂದು ಪ್ರಾಣಿಯ ಹೆಸರಿಡುವ ಪದ್ಧತಿ ಇಬ್ಬರಿಗೂ ಇದ್ದರೂ ಚೀನಾದವರ ಮೊಲದ ಜಾಗದಲ್ಲಿ ವಿಯೆಟ್ನಾಂನವರಿಗೆ ಬೆಕ್ಕು, ಎತ್ತಿನ ಜಾಗದಲ್ಲಿ ಎಮ್ಮೆ.

ಒಂದು ವಾರ ಮುಂಚೆ ತಲುಪಿ

ನನ್ನನ್ನು ಕೇಳಿದರೆ ತೆತ್‌ನ ನಿಜವಾದ ಸೊಗಸು ಇರುವುದು ಹಬ್ಬಕ್ಕೆ ಮುಂಚಿನ ಏಳು ದಿನಗಳಲ್ಲಿ. ಹೊರಗಿನವರು ಕಣ್ಣಾರೆ ನೋಡಲು ಸಿಗುವುದೆಲ್ಲ ಆಗಲೇ. ಅವರ ಚಾಂದ್ರಮಾನದ 12ನೇ ತಿಂಗಳ 23ನೇ ದಿನ ಊರಲ್ಲಿ ಇರುವ ಹಾಗೆ ಟಿಕೆಟ್ ಮಾಡಿಸಿ. 2027ರಲ್ಲಿ ಅದು ಜನವರಿ 30, ಶನಿವಾರ.

ಆ ದಿನ ಅಡುಗೆಮನೆಯ ದೇವರನ್ನು ಬೀಳ್ಕೊಡುತ್ತಾರೆ. ವರ್ಷವಿಡೀ ಒಲೆಯ ಹತ್ತಿರ ಕೂತು ಮನೆಯವರ ಒಳ್ಳೆಯದು ಕೆಟ್ಟದ್ದು ನೋಡಿದ ಈ ದೇವರು ಮೇಲಿನ ಲೋಕಕ್ಕೆ ಹೋಗಿ ವರದಿ ಒಪ್ಪಿಸುತ್ತಾನೆ ಅನ್ನುವುದು ನಂಬಿಕೆ. ಅವನ ವಾಹನ ಕಾರ್ಪ್ ಮೀನು. ಹಾಗಾಗಿ ಪೂಜೆ ಮುಗಿಸಿ ಜೀವಂತ ಮೀನುಗಳನ್ನು ಕೆರೆಗೋ ನದಿಗೋ ಬಿಡುತ್ತಾರೆ. ಹನೋಯಿಯಲ್ಲಿದ್ದರೆ ಬೆಳಗ್ಗೆ ಲಾಂಗ್ ಬಿಯೆನ್ ಸೇತುವೆಗೆ ಹೋಗಿ. ಜನ ಚೀಲದಲ್ಲಿ ಕೆಂಪು ಮೀನು ಹಿಡಿದು ಬರುತ್ತಾರೆ. 'ಮೀನು ಬಿಡಿ, ಪ್ಲಾಸ್ಟಿಕ್ ಬಿಡಬೇಡಿ' ಅಂತ ಬೋರ್ಡು ಹಿಡಿದ ಹುಡುಗ ಹುಡುಗಿಯರೂ ಅಲ್ಲಿರುತ್ತಾರೆ. ಬಕೆಟ್ಟಿಗೆ ಹಗ್ಗ ಕಟ್ಟಿ ಮೀನನ್ನು ನಿಧಾನವಾಗಿ ನೀರಿಗಿಳಿಸಲು ಅವರು ಸಹಾಯ ಮಾಡುತ್ತಾರೆ.

ಅಲ್ಲಿಂದ ಮುಂದೆ ಹೂವಿನ ದಿನಗಳು. ಉತ್ತರದಲ್ಲಿ ಗುಲಾಬಿ ಬಣ್ಣದ ಪೀಚ್ ಹೂವಿನ ಕೊಂಬೆ, ದಕ್ಷಿಣದಲ್ಲಿ ಹಳದಿ ಮಾಯ್ ಹೂವು. ಎರಡೂ ಕಡೆ ಕುಂಡದಲ್ಲಿ ಬೆಳೆಸಿದ ಪುಟ್ಟ ಕಿತ್ತಳೆ ಜಾತಿಯ ಕುಮ್‌ಕ್ವಾಟ್ ಗಿಡ. ಹನೋಯಿಯ ನ್ಯಾತ್ ತಾನ್ ಪೀಚ್ ಹೂವಿಗೇ ಹೆಸರಾದ ಜಾಗ, ಹಳೇ ಪೇಟೆಯ ಹಾಂಗ್ ಲುವಕ್ ಬೀದಿಯಲ್ಲಿ ಹಬ್ಬದ ಹೂವಿನ ಸಂತೆ ಸೇರುತ್ತದೆ. ಕುಮ್‌ಕ್ವಾಟ್ ಕೊಳ್ಳುವವರನ್ನು ಸ್ವಲ್ಪ ಹೊತ್ತು ನಿಂತು ನೋಡಿ. ಗಿಡದ ಸುತ್ತ ಒಂದು ಸುತ್ತು ಬಂದು, ಎಲೆ ಸರಿಸಿ ಪರೀಕ್ಷೆ ಮಾಡುತ್ತಾರೆ. ಹಣ್ಣಾದ ಕಾಯಿ ಇರಬೇಕು, ಹಸಿರು ಕಾಯಿಯೂ ಇರಬೇಕು, ಹೂವು ಇರಬೇಕು, ಚಿಗುರೂ ಇರಬೇಕು. ನಾಲ್ಕೂ ಒಂದೇ ಗಿಡದಲ್ಲಿದ್ದರೆ ಮನೆಯಲ್ಲಿ ಎಲ್ಲ ತಲೆಮಾರಿನವರೂ ಒಟ್ಟಿಗೆ ಚೆನ್ನಾಗಿರುತ್ತಾರೆ ಅಂತ. ಆಯ್ಕೆ ಆದ ಮೇಲೆ ಆಳೆತ್ತರದ ಗಿಡವನ್ನು ಸ್ಕೂಟರ್ ಹಿಂದೆ ಕಟ್ಟಿಕೊಂಡು ಹೊರಟರೆ ಸವಾರ ಕಾಣುವುದಿಲ್ಲ, ಗಿಡವೇ ಓಡಾಡಿದ ಹಾಗಿರುತ್ತದೆ.

ಹೋ ಚಿ ಮಿನ್ ನಗರದಲ್ಲಿದ್ದರೆ ಬಿನ್ ದೊಂಗ್ ಕಾಲುವೆ ದಡ ತಪ್ಪಿಸಬೇಡಿ. ಮೆಕಾಂಗ್ ಮುಖಜ ಭೂಮಿಯ ರೈತರು ದೋಣಿ ತುಂಬ ಹೂವಿನ ಕುಂಡ ಹೇರಿಕೊಂಡು ಬಂದು, ದಡದಲ್ಲೇ ಮಾರುತ್ತಾರೆ. ದೋಣಿಯಲ್ಲೇ ಅಡುಗೆ, ದೋಣಿಯಲ್ಲೇ ನಿದ್ದೆ. ನಗರದ ನಡುವಿನ ನ್ಗುಯೆನ್ ಹುಯೆ ರಸ್ತೆಯನ್ನು 2004ರಿಂದ ಪ್ರತಿ ತೆತ್‌ಗೆ ಹೂವಿನ ಬೀದಿಯಾಗಿ ಸಿಂಗರಿಸುತ್ತಾರೆ. ಅದೂ ಚೆಂದವೇ, ಆದರೆ ಸೆಲ್ಫಿ ಜನ ಜಾಸ್ತಿ. ನನ್ನ ಮನಸ್ಸು ಬಿನ್ ದೊಂಗ್ ಕಡೆಗೇ.

ಇಲ್ಲೊಂದು ಮಾತು. ವರ್ಷದ ಕೊನೆಯ ದಿನ ಮಧ್ಯಾಹ್ನ ಆಗುತ್ತಿದ್ದಂತೆ ಹೂವಿನವರು ಜಾಗ ಖಾಲಿ ಮಾಡಿ ಊರಿಗೆ ಓಡಬೇಕು. ಆ ಹೊತ್ತಿಗಾಗಿ ಕಾದಿದ್ದು, ಕಾಲು ಭಾಗ ಬೆಲೆಗೆ ಕೇಳುವವರಿದ್ದಾರೆ. ಬೇಸತ್ತು ಗಿಡವನ್ನು ಅಲ್ಲೇ ಮುರಿದು ಹಾಕಿ ಹೋದ ರೈತರೂ ಇದ್ದಾರೆ. ವರ್ಷಪೂರ್ತಿ ಸಾಕಿದ ಗಿಡ ಅದು. ಬೇಕಾದರೆ ಎರಡು ದಿನ ಮುಂಚೆ ಸರಿಯಾದ ಬೆಲೆ ಕೊಟ್ಟು ಒಂದು ಕೊಂಬೆ ತೆಗೆದುಕೊಳ್ಳಿ, ಇಲ್ಲದಿದ್ದರೆ ಸುಮ್ನೆ ನೋಡಿ ಬನ್ನಿ.

ಬಾನ್ ಚುಂಗ್ ಕಟ್ಟುವುದನ್ನು ನೋಡಲೇಬೇಕು

ಹಬ್ಬದ ತಿಂಡಿ ಅಂದರೆ ಬಾನ್ ಚುಂಗ್. ಎಲೆಯಲ್ಲಿ ಸುತ್ತಿ ಬೇಯಿಸುವ ಚೌಕಾಕಾರದ ಅಂಟಕ್ಕಿ ಗಡುಬು. ನಮ್ಮ ಅರಿಸಿನ ಎಲೆಯ ಕಡುಬಿನ ಹಾಗೆ ಇಲ್ಲೂ ಅರ್ಧ ರುಚಿ ಎಲೆಯದ್ದೇ. ಹಬ್ಬದ ಹಿಂದಿನ ವಾರ ಹನೋಯಿಯಲ್ಲಿ ಇದನ್ನು ಕಲಿಸುವ ಅಡುಗೆ ತರಗತಿಗಳು, ಹೋಂಸ್ಟೇಗಳು ಸಿಗುತ್ತವೆ. ಒಂದು ಮಧ್ಯಾಹ್ನ ಇದಕ್ಕೇ ಅಂತ ಎತ್ತಿಡಿ.

ಜೊಂಗ್ ಅನ್ನುವ ಅಗಲ ಎಲೆಯನ್ನು ಒಂದೊಂದಾಗಿ ತೊಳೆದು, ಒರೆಸಿ, ದಂಟು ಕತ್ತರಿಸಿ ಇಟ್ಟಿರುತ್ತಾರೆ. ಮರದ ಚೌಕಟ್ಟಿನೊಳಗೆ ಎಲೆ ಮಡಿಸಿ ಕೂರಿಸಬೇಕು. ಎಲೆಯ ಕಡು ಹಸಿರು ಬದಿ ಅಕ್ಕಿಯ ಕಡೆಗೆ ಇದ್ದರೆ ಬೆಂದ ಮೇಲೆ ಅನ್ನಕ್ಕೂ ಅದೇ ಬಣ್ಣ ಹತ್ತುತ್ತದೆ. ಕೆಳಗೆ ನೆನೆಸಿದ ಅಂಟಕ್ಕಿ, ಅದರ ಮೇಲೆ ಸಿಪ್ಪೆ ತೆಗೆದ ಹೆಸರುಬೇಳೆ, ಮಧ್ಯೆ ಕರಿಮೆಣಸು ಹಾಕಿದ ಹಂದಿಮಾಂಸ, ಮತ್ತೆ ಬೇಳೆ, ಮತ್ತೆ ಅಕ್ಕಿ. ಬಿದಿರಿನ ಸೀಳಿನಿಂದ ಬಿಗಿಯಾಗಿ ಕಟ್ಟುತ್ತಾರೆ. ಆಮೇಲೆ ದೊಡ್ಡ ಹಂಡೆಯಲ್ಲಿ ಹತ್ತು ಗಂಟೆಯಷ್ಟು ಕುದಿಸಬೇಕು. ರಾತ್ರಿಯಿಡೀ ಒಲೆ ಆರಬಾರದು, ನೀರು ಕಡಿಮೆಯಾಗಬಾರದು. ಅದಕ್ಕೇ ಯಾರಾದರೂ ಎಚ್ಚರ ಇರಲೇಬೇಕು. ಮಕ್ಕಳಿಗೆ ಆ ರಾತ್ರಿ ನಿದ್ದೆಗೆಡಲು ರಜೆ ಸಿಕ್ಕ ಹಾಗೆ. ಬೆಂದ ಗಡುಬನ್ನು ತಣ್ಣೀರಲ್ಲಿ ತೊಳೆದು, ಮೇಲೆ ಭಾರ ಹೇರಿ ನೀರು ಬಸಿಯುತ್ತಾರೆ.

ತಿನ್ನುವಾಗ ಚಾಕು ಮುಟ್ಟಿಸುವುದಿಲ್ಲ. ಎಲೆ ಬಿಡಿಸಿ, ಬಿದಿರಿನ ಸೀಳನ್ನು ಇನ್ನೂ ತೆಳ್ಳಗೆ ಸೀಳಿ, ಗಡುಬಿನ ಮೇಲೆ ಅಡ್ಡಡ್ಡ, ಉದ್ದುದ್ದ, ಮೂಲೆಯಿಂದ ಮೂಲೆಗೆ ಇಡುತ್ತಾರೆ. ತಟ್ಟೆ ಮುಚ್ಚಿ ತಿರುಗಿಸಿ, ಒಂದೊಂದೇ ಎಳೆಯ ಎರಡು ತುದಿ ಹಿಡಿದು ಎಳೆದರೆ ಎಂಟು ಸಮ ತುಂಡು. ಅಂಟಕ್ಕಿ ಚಾಕುವಿಗೆ ಮೆತ್ತಿಕೊಳ್ಳುವ ರಗಳೆಯೇ ಇಲ್ಲ.

ದಕ್ಷಿಣದವರು ಇದನ್ನೇ ಬಾಳೆಎಲೆಯಲ್ಲಿ ಉರುಳೆಯಾಗಿ ಸುತ್ತುತ್ತಾರೆ, ಬಿಲ್ಲೆ ಬಿಲ್ಲೆಯಾಗಿ ಕತ್ತರಿಸುತ್ತಾರೆ.

ವೀಸಾ, ರೈಲು, ದುಡ್ಡು

ಭಾರತದವರಿಗೆ ವೀಸಾ ಬೇಕು. 2023ರ ಆಗಸ್ಟ್‌ನಿಂದ 90 ದಿನಗಳವರೆಗಿನ ಇ-ವೀಸಾ ಸಿಗುತ್ತಿದೆ. ಒಂದು ಸಲದ ಪ್ರವೇಶಕ್ಕೆ 25 ಡಾಲರ್, ಹಲವು ಸಲಕ್ಕೆ 50. ವಿಯೆಟ್ನಾಂ ಸರ್ಕಾರದ ಜಾಲತಾಣದಲ್ಲೇ ಅರ್ಜಿ ಹಾಕಿ. ನೋಡಲು ಅದೇ ಥರ ಇದ್ದು ಎರಡು ಪಟ್ಟು ದುಡ್ಡು ಕೇಳುವ ಖಾಸಗಿ ಸೈಟುಗಳು ತುಂಬ ಇವೆ. ತೆತ್ ಹೊತ್ತಿಗೆ ಅಲ್ಲಿನ ಕಚೇರಿಗಳಿಗೆ ಒಂದು ವಾರದಷ್ಟು ರಜೆ ಬೀಳುತ್ತದೆ, ಆದ್ದರಿಂದ ಒಂದು ತಿಂಗಳು ಮುಂಚೆಯೇ ಕೈಯಲ್ಲಿ ವೀಸಾ ಇರಲಿ.

ದೇಶದೊಳಗಿನ ಓಡಾಟ ಇನ್ನೂ ಕಷ್ಟ. ಕೆಲಸಕ್ಕೆ ಅಂತ ನಗರ ಸೇರಿದವರೆಲ್ಲ ಊರಿಗೆ ಹೊರಡುತ್ತಾರೆ. ಹಬ್ಬಕ್ಕೆ ಮುಂಚೆ ಹೋ ಚಿ ಮಿನ್ ನಗರದಿಂದ ಉತ್ತರದ ಕಡೆಗೆ ಹೋಗುವ ರೈಲು, ಬಸ್ಸು, ವಿಮಾನ ಎಲ್ಲವೂ ಭರ್ತಿ. ಹಬ್ಬ ಮುಗಿದು ನಾಲ್ಕೈದು ದಿನಕ್ಕೆ ಅದೇ ಜನ ವಾಪಸ್. ನೀವು ಇದಕ್ಕೆ ಎದುರಾಗಿ ಹೋಗಿ: ಹಬ್ಬಕ್ಕೆ ಮುಂಚೆ ಉತ್ತರದಿಂದ ದಕ್ಷಿಣಕ್ಕೆ. ಸೀಟೂ ಸಿಗುತ್ತದೆ, ದರವೂ ಕಡಿಮೆ. ಹನೋಯಿಯಲ್ಲಿ ಮೀನು, ಪೀಚ್ ಹೂವು, ಬಾನ್ ಚುಂಗ್ ನೋಡಿಕೊಂಡು ಕೊನೆಯ ಎರಡು ದಿನಕ್ಕೆ ದಕ್ಷಿಣಕ್ಕೆ ಇಳಿದರೆ ಎರಡೂ ಸಿಕ್ಕ ಹಾಗಾಯಿತು. ಬಟ್ಟೆಯನ್ನು ಎರಡಕ್ಕೂ ಹೊಂದುವಂತೆ ತುಂಬಿಕೊಳ್ಳಿ. ಆಗ ಹನೋಯಿಯಲ್ಲಿ ಜಿಟಿಜಿಟಿ ಮಳೆ, ಸ್ವೆಟರ್ ಬೇಕಾಗುವಷ್ಟು ಚಳಿ. ದಕ್ಷಿಣದಲ್ಲಿ ಒಣ ಬಿಸಿಲು.

ಮೊದಲ ಮೂರು ದಿನಕ್ಕೆ ಬೇಕಾದ ನಗದು ಮುಂಚೆಯೇ ತೆಗೆದಿಟ್ಟುಕೊಳ್ಳಿ, ಎಟಿಎಂಗಳು ಖಾಲಿಯಾಗುವುದುಂಟು. ತೆರೆದಿರುವ ಹೋಟೆಲುಗಳಲ್ಲಿ ಹಬ್ಬದ ಹೆಚ್ಚುವರಿ ಶುಲ್ಕ ಸೇರಿಸುತ್ತಾರೆ, ಅದು ಮೋಸ ಅಲ್ಲ. ಮನೆಗೆ ಕರೆಯುವವರು ಯಾರೂ ಇಲ್ಲ ಅಂದರೆ ಆ ಮೂರು ದಿನ ಹೋಯ್ ಆನ್, ದಾ ನಾಂಗ್ ಅಥವಾ ಫು ಕ್ವೋಕ್‌ನಂಥ ಪ್ರವಾಸಿ ಊರಲ್ಲಿರಿ. ಅಲ್ಲಿ ಊಟಕ್ಕೆ ತೊಂದರೆ ಇಲ್ಲ.

ಮಧ್ಯರಾತ್ರಿಯ ಪಟಾಕಿ ಹೊಡೆಯುವ ಹಂಬಲ ಬೇಡ. 1995ರಿಂದ ಜನ ಪಟಾಕಿ ಸಿಡಿಸುವುದಕ್ಕೆ ನಿಷೇಧ ಇದೆ. ಸರ್ಕಾರವೇ ಬಾಣಬಿರುಸು ಹಾರಿಸುತ್ತದೆ. ಹನೋಯಿಯ ಹೋವಾನ್ ಕಿಯೆಮ್ ಕೆರೆಯ ಸುತ್ತ ಅದನ್ನು ನೋಡಲು ಸೇರುವ ಜನಸಾಗರದಲ್ಲಿ ಜೇಬು ಜೋಪಾನ.

ಯಾರಾದರೂ ಮನೆಗೆ ಕರೆದರೆ

ಇದು ಸಿಕ್ಕರೆ ಬಿಡಬೇಡಿ. ಆದರೆ ಯಾವ ದಿನ, ಎಷ್ಟು ಹೊತ್ತಿಗೆ ಅಂತ ಸ್ಪಷ್ಟವಾಗಿ ಕೇಳಿಕೊಂಡೇ ಹೋಗಿ. ಹೊಸ ವರ್ಷದಲ್ಲಿ ಹೊಸ್ತಿಲು ದಾಟುವ ಮೊದಲ ವ್ಯಕ್ತಿಯಿಂದ ಇಡೀ ವರ್ಷದ ಅದೃಷ್ಟ ನಿರ್ಧಾರವಾಗುತ್ತದೆ ಅಂತ ಅವರು ಬಲವಾಗಿ ನಂಬುತ್ತಾರೆ. ಸೊಂಗ್ ದಾತ್ ಅನ್ನುತ್ತಾರೆ ಇದಕ್ಕೆ. ಹುಟ್ಟಿದ ವರ್ಷದ ಪ್ರಾಣಿ ನೋಡಿ, ಸುಖವಾಗಿ ಬಾಳುತ್ತಿರುವವರನ್ನು ಆರಿಸಿ, ಮುಂಚೆಯೇ ಹೇಳಿಟ್ಟಿರುತ್ತಾರೆ. ಒಂದನೇ ದಿನ ಬೆಳಗ್ಗೆ ಪ್ರೀತಿಯಿಂದ ಸರ್‌ಪ್ರೈಸ್ ಕೊಡೋಣ ಅಂತ ನೀವು ಬಾಗಿಲು ತಟ್ಟಿದರೆ ಅವರಿಗೆ ಧರ್ಮಸಂಕಟ. ನಿಮ್ಮ ಮನೆಯಲ್ಲಿ ಆ ವರ್ಷ ಸಾವಾಗಿದ್ದರೆ ಅದನ್ನೂ ಮುಂಚೆಯೇ ತಿಳಿಸಿ. ದುಃಖದ ಮನೆಯವರು ಹಬ್ಬದ ಮೊದಲ ದಿನಗಳಲ್ಲಿ ಬೇರೆಯವರ ಮನೆಗೆ ಹೋಗುವ ರೂಢಿ ಅಲ್ಲಿಲ್ಲ.

ಅವರ ಹಳೇ ಮಾತಿನ ಪ್ರಕಾರ ಒಂದನೇ ದಿನ ಅಪ್ಪನ ಕಡೆಯವರಿಗೆ, ಎರಡನೇ ದಿನ ಅಮ್ಮನ ಕಡೆಯವರಿಗೆ, ಮೂರನೇ ದಿನ ಗುರುಗಳಿಗೆ. ಶಾಲೆ ಬಿಟ್ಟು ಎಷ್ಟೋ ವರ್ಷ ಆದವರೂ ಮೂರನೇ ದಿನ ಗುಂಪು ಕಟ್ಟಿಕೊಂಡು ಹಳೇ ಮೇಷ್ಟ್ರ ಮನೆಗೆ ಹೋಗುತ್ತಾರೆ. ಇಡೀ ಹಬ್ಬದಲ್ಲಿ ನನಗೆ ತುಂಬ ಹಿಡಿಸಿದ ಪದ್ಧತಿ ಇದು. ಸ್ನೇಹಿತರನ್ನು ಸಾಮಾನ್ಯವಾಗಿ ಮೂರನೇ ದಿನದ ನಂತರ ಕರೆಯುತ್ತಾರೆ.

ಬಣ್ಣದ ಬಟ್ಟೆ ಹಾಕಿಕೊಳ್ಳಿ, ಕೆಂಪು ಹಳದಿ ಆದರೆ ಇನ್ನೂ ಒಳ್ಳೆಯದು. ಪೂರ್ತಿ ಕಪ್ಪು, ಪೂರ್ತಿ ಬಿಳಿ ಬೇಡ, ಎರಡೂ ಸಾವಿನ ಬಣ್ಣಗಳು. ಕೈಯಲ್ಲಿ ಹಣ್ಣಿನ ಬುಟ್ಟಿ, ಚಹಾ ಅಥವಾ ಸಿಹಿಯ ಡಬ್ಬಿ ಇರಲಿ. ಚಾಕು, ಕತ್ತರಿಯಂಥ ಹರಿತವಾದ ಉಡುಗೊರೆ ಕೊಡಬಾರದು. ಬಾಗಿಲಲ್ಲೇ ಚಪ್ಪಲಿ ಬಿಟ್ಟು, 'ಚುಕ್ ಮುಂಗ್ ನಮ್ ಮೋಯ್' ಅನ್ನಿ. ಹೊಸ ವರ್ಷದ ಶುಭಾಶಯ ಅಂತ ಅರ್ಥ. ಉಚ್ಚಾರ ತಪ್ಪಿದರೂ ಪರವಾಗಿಲ್ಲ, ಖುಷಿಪಡುತ್ತಾರೆ.

ಮಕ್ಕಳಿಗೆ ಕೊಡಲು ಕೆಂಪು ಲಕೋಟೆಗಳು ಜೇಬಿನಲ್ಲಿರಲಿ. ಲೀ ಸೀ ಅಂತ ಹೆಸರು. ಒಳಗೆ ಮಡಿಕೆ ಬೀಳದ ಹೊಸ ನೋಟು ಇಡಬೇಕು. 20,000 ದೊಂಗ್, ಅಂದರೆ ನಮ್ಮ 65-70 ರೂಪಾಯಿಯಷ್ಟು ಇಟ್ಟರೂ ಸಾಕು. 50,000 ಇಟ್ಟರೆ ಧಾರಾಳ. ಅಮೆರಿಕದ 2 ಡಾಲರ್ ನೋಟನ್ನು ಅದೃಷ್ಟ ಅಂತ ಕೊಡುವವರೂ ಇದ್ದಾರೆ. ಮನೆಯ ಹಿರಿಯರಿಗೂ ಒಂದು ಕೊಡಿ, ಎರಡೂ ಕೈಯಲ್ಲಿ ಹಿಡಿದು. ನಿಮಗೂ ಯಾರಾದರೂ ಕೊಟ್ಟರೆ ಎರಡೂ ಕೈಯಿಂದಲೇ ತೆಗೆದುಕೊಳ್ಳಿ, ಅವರೆದುರೇ ಬಿಚ್ಚಿ ನೋಡಬೇಡಿ.

ಮನೆಯ ಮುಖ್ಯ ಜಾಗದಲ್ಲಿ ಹಿರಿಯರ ಪೂಜಾಪೀಠ ಇರುತ್ತದೆ. ತೀರಿಕೊಂಡ ಅಜ್ಜ ಅಜ್ಜಿಯರ ಫೋಟೋ, ಐದು ಬಗೆಯ ಹಣ್ಣಿನ ತಟ್ಟೆ, ಊದುಬತ್ತಿ. ಆ ಮೂರು ದಿನ ಹಿರಿಯರು ಮನೆಗೆ ಬಂದಿದ್ದಾರೆ ಅಂತಲೇ ಎಲ್ಲರ ಭಾವನೆ. ಅವರಿಗೆ ಬಡಿಸಿದ ಮೇಲೆಯೇ ಉಳಿದವರ ಊಟ. ಕೇಳದೆ ಫೋಟೋ ತೆಗೆಯಬೇಡಿ. ಊದುಬತ್ತಿ ಹಚ್ಚಲು ಕರೆದರೆ ಸಂತೋಷವಾಗಿ ಹೋಗಿ. ಒಂದು ಅಥವಾ ಮೂರು ಕಡ್ಡಿ ಹಚ್ಚಿ ಕೈಮುಗಿದರೆ ಆಯಿತು. ಮೂರ್ನಾಲ್ಕನೇ ದಿನ ಕಾಗದದ ಚಿನ್ನ, ಕಾಗದದ ನೋಟು ಸುಟ್ಟು ಹಿರಿಯರನ್ನು ಕಳಿಸಿಕೊಡುತ್ತಾರೆ.

ಅವರ ಮನೆಯಲ್ಲೇ ಉಳಿದುಕೊಂಡಿದ್ದರೆ ಒಂದನೇ ದಿನ ಪೊರಕೆ ಮುಟ್ಟಬೇಡಿ. ಸಹಾಯ ಮಾಡೋಣ ಅಂತ ಕಸ ಗುಡಿಸಿದರೆ ಮನೆಯ ಅದೃಷ್ಟವನ್ನೇ ಗುಡಿಸಿ ಹಾಕಿದ ಹಾಗೆ. ಸಾಲ ಕೇಳುವುದು, ಕಾಯಿಲೆ-ಸಾವಿನ ಮಾತೆತ್ತುವುದು, ಮಕ್ಕಳನ್ನು ಗದರುವುದು ಕೂಡ ಬೇಡ.

ಕುಡಿಯಲು ಒತ್ತಾಯ ಇರುತ್ತದೆ. ಬೇಡದಿದ್ದರೆ ಗ್ಲಾಸು ತುಟಿಗೆ ತಾಗಿಸಿ ನಕ್ಕು ಇಟ್ಟುಬಿಡಿ. ಒಂದು ಗುಟುಕು ಕುಡಿದರೂ ಸ್ಕೂಟರ್ ಹತ್ತಬೇಡಿ. 2020ರಿಂದ ಅಲ್ಲಿ ಚೂರು ಮದ್ಯದ ಅಂಶ ಸಿಕ್ಕರೂ ದಂಡ.

ಸಸ್ಯಾಹಾರಿಗಳಿಗೆ

ಹೆದರಬೇಡಿ, ದಾರಿ ಇದೆ. ಹೇಳಬೇಕಾದ ಮಾತು 'ಅನ್ ಚಯ್'. ಬೌದ್ಧ ಪದ್ಧತಿಯ ಸಸ್ಯಾಹಾರ ಅಂತ ಎಲ್ಲರಿಗೂ ಅರ್ಥವಾಗುತ್ತದೆ. ಬರೀ 'ಮಾಂಸ ಬೇಡ' ಅಂದರೆ ಮೀನಿನ ಸಾಸ್ ಹಾಕಿ ಕೊಟ್ಟಾರು, 'ಚಯ್' ಅಂದರೆ ಅದೂ ಬರುವುದಿಲ್ಲ. ಪ್ರತಿ ಚಾಂದ್ರ ತಿಂಗಳ 1 ಮತ್ತು 15ನೇ ದಿನ ತುಂಬ ಜನ ಸಸ್ಯಾಹಾರ ಮಾಡುತ್ತಾರೆ. ತೆತ್‌ನ ಮೊದಲ ದಿನವೂ ಹಾಗೆ ಮಾಡುವ ಮನೆಗಳಿವೆ. ಬಾನ್ ಚುಂಗ್‌ನಲ್ಲೂ ಮಾಂಸ ಇಲ್ಲದ್ದು ಸಿಗುತ್ತದೆ. ಮನೆಗೆ ಕರೆದಾಗ ಮುಂಚೆಯೇ ಹೇಳಿಬಿಡಿ, ಊಟದ ತಟ್ಟೆ ಮುಂದೆ ಕೂತು ಹೇಳುವುದಕ್ಕಿಂತ ಎಷ್ಟೋ ವಾಸಿ.

ತೆತ್‌ಗೆ ಹೋಗಲು ಆಗದಿದ್ದರೆ

ಮಕ್ಕಳ ಜೊತೆ ಹೋಗುವವರಿಗೆ 8ನೇ ತಿಂಗಳ ಹುಣ್ಣಿಮೆಯ ಚುಂಗ್ ಥು ಹಬ್ಬ ಒಳ್ಳೆಯದು. 2026ರಲ್ಲಿ ಸೆಪ್ಟೆಂಬರ್ 25, 2027ರಲ್ಲಿ ಸೆಪ್ಟೆಂಬರ್ 15. ಇದು ಬೀದಿಯಲ್ಲೇ ನಡೆಯುತ್ತದೆ, ಅಂಗಡಿಗಳೂ ಮುಚ್ಚುವುದಿಲ್ಲ. ನಕ್ಷತ್ರದ ಲಾಟೀನು, ಸಿಂಹ ನೃತ್ಯ, ಚಂದ್ರನ ಹೆಸರಿನ ಸಿಹಿ ತಿಂಡಿ. ಹನೋಯಿಯ ಹಾಂಗ್ ಮಾ ಬೀದಿಗೆ ಹಬ್ಬಕ್ಕೆ ಎರಡು ದಿನ ಮುಂಚೆ ಹೋಗಿ. ಆ ದಿನ ಕಾಲಿಡಲು ಜಾಗ ಇರುವುದಿಲ್ಲ. ಹೋಯ್ ಆನ್‌ನಲ್ಲಂತೂ ಪ್ರತಿ ಚಾಂದ್ರ ತಿಂಗಳ 14ನೇ ರಾತ್ರಿ ಹಳೇ ಪೇಟೆಯ ವಿದ್ಯುತ್ ದೀಪ ಆರಿಸಿ ಲಾಟೀನು ಹಚ್ಚುತ್ತಾರೆ. ಯಾವ ತಿಂಗಳು ಹೋದರೂ ಆ ರಾತ್ರಿ ಹಿಡಿಯಬಹುದು.

ಹುಂಗ್ ರಾಜರ ಸ್ಮರಣೆಯ ದಿನ 3ನೇ ತಿಂಗಳ 10ಕ್ಕೆ ಬರುತ್ತದೆ, 2027ರಲ್ಲಿ ಏಪ್ರಿಲ್ 16. ಏಪ್ರಿಲ್ 30 ಮತ್ತು ಮೇ 1 ಒಟ್ಟಿಗೆ ಬರುವ ಸರ್ಕಾರಿ ರಜೆಗಳು: ಒಂದು 1975ರಲ್ಲಿ ಯುದ್ಧ ಮುಗಿದ ದಿನ, ಇನ್ನೊಂದು ಕಾರ್ಮಿಕರ ದಿನ. ಸೆಪ್ಟೆಂಬರ್ 2, 1945ರ ಸ್ವಾತಂತ್ರ್ಯ ಘೋಷಣೆಯ ದಿನ. ಈ ರಜೆಗಳಲ್ಲಿ ಕಡಲತೀರದ ಊರುಗಳಿಗೆ ಹೋಗದಿರುವುದು ಒಳ್ಳೆಯದು. ಸ್ಥಳೀಯರೇ ಅಲ್ಲಿ ತುಂಬಿರುತ್ತಾರೆ, ರೂಮಿನ ಬಾಡಿಗೆ ಏರಿರುತ್ತದೆ.

ಏಪ್ರಿಲ್ ಮಧ್ಯದಲ್ಲಿ, ಕರಾವಳಿಯಲ್ಲಿ ಬಿಸು ಆಚರಿಸುವ ಹೊತ್ತಿಗೇ, ಮೆಕಾಂಗ್ ಸೀಮೆಯ ಖ್ಮೇರ್ ಜನರ ಹೊಸ ವರ್ಷ. ಸೋಕ್ ತ್ರಾಂಗ್, ತ್ರಾ ವಿನ್ ಕಡೆಯ ಅವರ ಬೌದ್ಧ ವಿಹಾರಗಳಿಗೆ ಆಗ ಹೋಗಬೇಕು.

ಕಾತೆ: ನಮ್ಮವರು ನೋಡಬೇಕಾದ ಹಬ್ಬ

ಒಂದೇ ಹಬ್ಬಕ್ಕೆ ಹೋಗಲು ಸಾಧ್ಯ ಅಂದರೆ, ಭಾರತದಿಂದ ಹೋಗುವವರಿಗೆ ನಾನು ಹೇಳುವುದು ಕಾತೆ. ಮಧ್ಯ ವಿಯೆಟ್ನಾಂನ ಕರಾವಳಿಯನ್ನು ನೂರಾರು ವರ್ಷ ಆಳಿದ ಚಂಪಾ ರಾಜರು ಶಿವಭಕ್ತರು. ಅವರ ಮೀ ಸನ್ ದೇವಾಲಯಗಳ ಜೀರ್ಣೋದ್ಧಾರದಲ್ಲಿ ನಮ್ಮ ಪುರಾತತ್ವ ಇಲಾಖೆಯವರೇ ಕೆಲಸ ಮಾಡಿದ್ದಾರೆ, 2020ರಲ್ಲಿ ಅಲ್ಲಿ ಮರಳುಗಲ್ಲಿನ ಒಂದು ಇಡೀ ಶಿವಲಿಂಗ ಸಿಕ್ಕಿತು. ಮೀ ಸನ್ ಈಗ ಬರೀ ಪ್ರವಾಸಿ ತಾಣ. ಆದರೆ ದಕ್ಷಿಣಕ್ಕೆ ಫಾನ್ ರಾಂಗ್‌ನಲ್ಲಿರುವ ಪೋ ಕ್ಲಾಂಗ್ ಗರಾಯ್ ಗೋಪುರದಲ್ಲಿ ಆ ಚಂಪಾದವರ ವಂಶದ ಚಾಮ್ ಜನ ಇವತ್ತಿಗೂ ಪೂಜೆ ನಡೆಸುತ್ತಾರೆ. ಬಾಗಿಲ ಮೇಲೆ ನರ್ತಿಸುವ ಶಿವ, ಒಳಗೆ ಮುಖ ಕೆತ್ತಿದ ಲಿಂಗ. ಆ ಮುಖವನ್ನು ದೇವರಾದ ತಮ್ಮ ರಾಜನದ್ದು ಅಂತ ಭಾವಿಸುತ್ತಾರೆ.

ಚಾಮ್ ಕ್ಯಾಲೆಂಡರ್‌ನ 7ನೇ ತಿಂಗಳ ಮೊದಲ ದಿನ ಕಾತೆ. ಸಾಮಾನ್ಯವಾಗಿ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಒಳಗೆ ಬರುತ್ತದೆ. ವಿಯೆಟ್ನಾಂನ ಕ್ಯಾಲೆಂಡರ್‌ನಲ್ಲಿ ಹುಡುಕಿದರೆ ಸಿಗುವುದಿಲ್ಲ, ಹೋಟೆಲ್ ಕಾದಿರಿಸುವಾಗಲೇ ಆ ವರ್ಷದ ದಿನಾಂಕ ಕೇಳಿ. 2025ರ ಜುಲೈಯಲ್ಲಿ, ಫಾನ್ ರಾಂಗ್ ಇದ್ದ ನಿನ್ ಥುವಾನ್ ಪ್ರಾಂತ್ಯ ಖಾನ್ ಹೋವಾದಲ್ಲಿ ಸೇರಿಹೋಗಿದೆ, ನಕ್ಷೆಯಲ್ಲಿ ಹೊಸ ಹೆಸರಿನಲ್ಲಿ ನೋಡಿ. ಹೋ ಚಿ ಮಿನ್ ನಗರದಿಂದ ಉತ್ತರಕ್ಕೆ ಹೋಗುವ ರೈಲು ಅಲ್ಲಿನ ಥಾಪ್ ಚಾಮ್ ನಿಲ್ದಾಣದಲ್ಲಿ ನಿಲ್ಲುತ್ತದೆ, ಗೋಪುರ ಅಲ್ಲಿಂದ ತೀರಾ ಹತ್ತಿರ.

ಹಬ್ಬದ ಹಿಂದಿನ ದಿನವೇ ತಲುಪಿ. ದೇವರ ಉಡುಗೆಗಳನ್ನು ವರ್ಷವಿಡೀ ಕಾಪಾಡುವವರು ಬೆಟ್ಟದ ರಾಗ್ಲಾಯ್ ಜನ. ಅವರು ಅದನ್ನು ಹೊತ್ತು ತರುವುದು, ಚಾಮ್ ಹಳ್ಳಿಯವರು ಎದುರುಗೊಳ್ಳುವುದು ಆ ದಿನ. ಮಾರನೇ ದಿನ ಬಿಸಿಲೇರುವ ಮುಂಚೆ ಬೆಟ್ಟ ಹತ್ತಿ ಗೋಪುರದ ಮುಂದೆ ಜಾಗ ಹಿಡಿಯಿರಿ. ಬಿಳಿ ಉಡುಪಿನ ಅರ್ಚಕರು ಬಾಗಿಲು ತೆರೆಯುತ್ತಾರೆ, ಲಿಂಗಕ್ಕೆ ಸ್ನಾನ ಮಾಡಿಸಿ ಉಡುಗೆ ತೊಡಿಸುತ್ತಾರೆ. ಆಮೆಚಿಪ್ಪಿನಿಂದ ಮಾಡಿದ ಎರಡು ತಂತಿಯ ವಾದ್ಯ ನುಡಿಸುತ್ತ ಒಬ್ಬರು ದೇವರ ಹಾಡು ಹಾಡುತ್ತಾರೆ. ಗರ್ಭಗುಡಿ ಚಿಕ್ಕದು, ಒಳಗೆ ನುಗ್ಗಬೇಡಿ. ಹೊರಗೆ ಹೆಂಗಸರು ಹಣ್ಣು, ಎಲೆಅಡಿಕೆ, ಅನ್ನದ ತಟ್ಟೆ ಹರವಿಕೊಂಡು ಕೂತಿರುತ್ತಾರೆ. ಅವರ ಸಾಲಿನ ಹಿಂದೆ ನಿಂತರೆ ಎಲ್ಲ ಕಾಣುತ್ತದೆ.

ಮಧ್ಯಾಹ್ನಕ್ಕೆ ಪ್ರವಾಸಿಗಳೆಲ್ಲ ಬಸ್ಸು ಹತ್ತುತ್ತಾರೆ. ನೀವು ಹತ್ತಬೇಡಿ. ಗೋಪುರದಿಂದ ಹಬ್ಬ ಹಳ್ಳಿಗೆ ಇಳಿಯುತ್ತದೆ, ಹಳ್ಳಿಯಿಂದ ಮನೆಮನೆಗೆ ಹೋಗುತ್ತದೆ. ಬಾವ್ ಚುಕ್‌ನಲ್ಲಿ ಚಕ್ರ ಇಲ್ಲದೆ, ಮಡಕೆಯ ಸುತ್ತ ತಾವೇ ನಡೆಯುತ್ತ ಮಣ್ಣು ತಟ್ಟುವ ಕುಂಬಾರ ಹೆಂಗಸರಿದ್ದಾರೆ. ಪಕ್ಕದ ಮೀ ಙ್ಯೆಪ್ ನೇಕಾರರ ಊರು. ಎರಡೂ ಫಾನ್ ರಾಂಗ್‌ನಿಂದ ಸುಮಾರು ಹತ್ತು ಕಿಲೋಮೀಟರ್. ಇನ್ನೊಂದು ರಾತ್ರಿಗೆ ರೂಮ್ ಇಟ್ಟುಕೊಂಡು, ಸಂಜೆ ಅಲ್ಲಿಗೆ ಹೋಗಿ.